ಹುಟ್ಟು ಹಿಡಿದ ಕೈಯ ಅಳತೆ

ಹೊಳೆದಂಡೆಯಲ್ಲಿ ಅಡವಯ್ಯಜ್ಜನವರ ಮಠ. ಅಲ್ಲಿ ಜಪಮಾಲೆಯ ಬದಲು ಬಿದಿರು ಕಡ್ಡಿ, ಮಂತ್ರದ ಬದಲು ಉಣ್ಣೆಯ ನೂಲು. ಹೆಣೆಯುವುದೇ ಪೂಜೆ.

ಮಾಗಿಯ ಚಳಿ ಆ ದಂಡೆಗೆ ಇಳಿಯಿತು ಅಂದರೆ ಮೊಸಳೆಗಳು ನೀರು ಬಿಟ್ಟು ಬಂದು ಮಠದ ಒಲೆಯ ಮುಂದೆ ಸಾಲಾಗಿ ಕೂರುತ್ತಿದ್ದವು. ಅಜ್ಜನ ಕೈಗವಸು ತೊಟ್ಟವನು ಮಾತ್ರ ಅಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಅಂಥ ಗವಸು ಸುತ್ತ ಏಳೂರಲ್ಲಿ ಇನ್ನೊಂದಿರಲಿಲ್ಲ.

ಬೆರಳೆಲ್ಲ ಬಯಲಿಗೆ, ಅಂಗೈಯೆಲ್ಲ ಬೆಚ್ಚಗೆ. ನಲವತ್ತು ಕುಣಿಕೆ, ಮೂವತ್ತು ಸಾಲು, ಹೆಬ್ಬೆರಳಿಗೊಂದು ಸೀಳು. ಇದು ಅಜ್ಜನ ಲೆಕ್ಕ. ಮಣಿಕಟ್ಟಿನ ಅಂಚಿಗೆ ಒಂದು ಕೆಂಪು ಎಳೆ. ಅದು ಅಜ್ಜನ ಗುರುತು.

ಶಿಷ್ಯ ಮಾಳಿಂಗ ಆರು ವರ್ಷ ಹೆಣೆದಿದ್ದ. ಆರು ವರ್ಷವೂ ಕೆಂಪು ಎಳೆಯನ್ನೇ ಹಾಕಿದ್ದ. ತನ್ನ ಗುರುತಿನ ಕರಿ ಎಳೆ ಹಾಕಬೇಕೆಂಬ ಆಸೆ ಅವನ ಹೊಟ್ಟೆಯೊಳಗೆ ಕೆಂಡವಾಗಿ ಕೂತಿತ್ತು.

ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟ.

"ಅಜ್ಜಾರ, ನನ್ನ ಕರಿ ಎಳಿ ಯಾವಾಗ್ರೀ?"

ಅಜ್ಜ ಹೊಳೆಯ ಕಡೆ ಕೈ ತೋರಿಸಿದರು. ಅಲ್ಲಿ ಅಂಬಿಗರ ಹುಲಿಗೆವ್ವ ಹುಟ್ಟು ಹಾಕುತ್ತ ಹರಿಗೋಲು ನಡೆಸುತ್ತಿದ್ದಳು. ಚಳಿಗೆ ಅಂಗೈ ಸೀಳಿ, ಹುಟ್ಟಿನ ಹಿಡಿಗೆ ರಕ್ತ ಮೆತ್ತಿತ್ತು.

"ನನ್ನ ಲೆಕ್ಕದ ಗವಸು ಆಕಿಗೆ ಒಗ್ಗಲಿಲ್ಲ. ನೀ ಹೆಣೆದದ್ದನ್ನ ಎಂಟು ದಿನ ಬಿಚ್ಚದ ಹಾಕ್ಕೊಂಡಳು ಅಂದ್ರ, ಕರಿ ಎಳಿ ನಿಂದು."

"ಎಂಟು ದಿನ ಯಾಕ್ರೀ? ಆಕಿ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಂಗಿಲ್ಲ."

ಮಾಳಿಂಗ ಹುಲಿಗೆವ್ವನನ್ನು ಮಠದ ಕಟ್ಟೆಗೆ ಕರೆತಂದು ಕೂರಿಸಿದ. ಅವಳ ಕೈಯನ್ನು ಹಲಗೆಯ ಮೇಲೆ ಚಪ್ಪಟೆ ಹರಡಿಸಿ, ದಾರ ಸುತ್ತಿ, ಅಂಗೈ, ಮಣಿಕಟ್ಟು, ಹೆಬ್ಬೆರಳು ಅಳೆದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಕೂತಲ್ಲೇ ಒಂದು ಜೊತೆ ಹೆಣೆದು ಮುಗಿಸಿದ. ಕಡ್ಡಿಗಳು ಓಡಿದ ರಭಸಕ್ಕೆ ಕಟ್ಟೆಯ ಸುತ್ತ ಸುಟ್ಟ ಉಣ್ಣೆಯ ವಾಸನೆ ಹಬ್ಬಿತು.

ಮಾರನೆಯ ದಿನವೇ ಹುಲಿಗೆವ್ವ ಗವಸು ಬಿಚ್ಚಿಕೊಂಡು ಬಂದಳು.

"ಚೊಲೋ ಐತಿ ತಮ್ಮಾ. ಕೈಕಟ್ಟಿ ಮನ್ಯಾಗ ಕುಂತಾಗ ಭಾಳ ಚೊಲೋ ಐತಿ. ಹುಟ್ಟು ಹಿಡದ್ರ ಹೆಬ್ಬಟ್ಟಿಗೆ ಉರುಲು ಬಿಗಿತೈತಿ."

ಮಾಳಿಂಗ ಬಿಚ್ಚಿ ಹೆಣೆದ. ಈ ಸಲ ಸುತ್ತಲೂ ಎಂಟು ಕುಣಿಕೆ ಹೆಚ್ಚು.

ಅವಳು ಮತ್ತೆ ಬಂದಳು. ಅಂಗೈಯಲ್ಲಿ ಹೊಸ ಬೊಬ್ಬೆ.

"ಈಗ ನನ್ನ ಕೈ ಒಂದು ಕಡೆ, ನಿನ್ನ ಗವಸು ಒಂದು ಕಡೆ. ನಡುಹೊಳ್ಯಾಗ ತಿರುಗಣಿ ಆಡತೈತಿ. ಮಠದ ಎಮ್ಮಿ ಕೊಂಬಿಗೆ ಹಾಕಿ ನೋಡು, ಹೊಂದೀತು."

ಮಾಳಿಂಗನ ಕಿವಿ ಕೆಂಪಾಯಿತು. ಗವಸು ಒಯ್ದು ಅಜ್ಜನ ಮುಂದಿಟ್ಟ.

"ಗವಸಿಂದೇನೂ ತಪ್ಪಿಲ್ರೀ ಅಜ್ಜಾರ. ಆಕಿ ಕೈನ ಸರಿ ಇಲ್ಲ. ಒಂದೊಂದು ಹೊತ್ತಿಗೆ ಒಂದೊಂದು ಅಳತಿ."

"ಅಳದು ನೋಡೀಯೇನು?"

"ಮೂರು ಸಲ ಅಳದೀನ್ರೀ."

"ಎಲ್ಲಿ?"

"ಇಲ್ಲೇ, ಈ ಕಟ್ಟಿ ಮ್ಯಾಲ."

"ಆವಾಗ ಆಕಿ ಏನು ಮಾಡಾಕ ಹತ್ತಿದ್ದಳು?"

"ಏನೂ ಇಲ್ರೀ. ಸುಮ್ಮನ ಕುಂತಿದ್ದಳು."

ಅಜ್ಜ ಗವಸಿನ ತುದಿ ಹಿಡಿದು ಎಳೆದರು. ಸಾಲು ಸಾಲಾಗಿ ಅಷ್ಟೂ ಬಿಚ್ಚಿಹೋಯಿತು. ನೂಲನ್ನು ಉಂಡೆ ಸುತ್ತಿ ಶಿಷ್ಯನ ಕೈಗಿಟ್ಟರು.

"ಸುಮ್ಮನ ಕುಂತಾಕಿಗೆ ಗವಸು ಯಾತಕ್ಕಪಾ?"

ಮಾಳಿಂಗ ದಾರ ಹಿಡಿದು ಹೊಳೆಗೆ ಇಳಿದ. ಹರಿಗೋಲು ಹತ್ತಿದ. ಆ ಹೊಳೆಯ ಸೆಳವು ಅಂದರೆ ಆನೆಯನ್ನೂ ಅವರೆಕಾಳಿನ ಹಾಗೆ ಉರುಳಿಸುವಂಥದ್ದು. ನಟ್ಟನಡುವೆ ಅವನು ದಾರ ಬಿಚ್ಚಿದ್ದನ್ನು ಕಂಡು ಹುಲಿಗೆವ್ವ ಗದರಿದಳು.

"ಹುಚ್ಚಾ, ಈಗ ನಾ ಕೈ ಬಿಟ್ಟರ ಇಬ್ಬರೂ ನೀರು ಪಾಲು."

"ಬಿಡಬ್ಯಾಡ ಯಕ್ಕಾ. ಬಿಗಿ ಹಿಡಕೋ. ಅದನ್ನ ಅಳೀಬೇಕಾಗೇತಿ."

ಹುಟ್ಟು ಹಿಡಿದ ಮುಷ್ಟಿಗೇ ದಾರ ಸುತ್ತಿದ. ಹೆಬ್ಬೆರಳು ಅಡ್ಡ ಬಂದು ಅದರ ಬುಡ ಗುಡ್ಡದ ಹಾಗೆ ಉಬ್ಬಿತ್ತು. ಅಲ್ಲಿ ಹಳೆಯ ಅಳತೆ ಎರಡು ಬೆರಳಷ್ಟು ಕಡಿಮೆ. ಮಿಕ್ಕ ಕಡೆ ಹಳೆಯದೇ ಸರಿ.

ಮಠಕ್ಕೆ ಬಂದು ನಲವತ್ತು ಕುಣಿಕೆಯಿಂದಲೇ ಶುರು ಮಾಡಿದ. ಹೆಬ್ಬೆರಳಿನ ಬುಡ ಬಂದಾಗ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎರಡೆರಡು ಕುಣಿಕೆ ಕೂಡಿಸುತ್ತ ಹೋದ. ಅಂಗಿಯ ಕಂಕುಳಿಗೆ ಮುಕ್ಕೋನದ ತುಂಡು ಇಟ್ಟ ಹಾಗೆ ಅಲ್ಲಿ ಮಾತ್ರ ಗವಸು ಅರಳಿತು.

ಅದನ್ನು ಹುಲಿಗೆವ್ವನಿಗೆ ತೊಡಿಸಿ ಕಳಿಸಿದ. ಒಂದು ದಿನ ಆಯಿತು, ಎರಡಾಯಿತು. ಹುಲಿಗೆವ್ವ ಬರಲಿಲ್ಲ. ಮಾಳಿಂಗ ಅನ್ನ ಬಿಟ್ಟು ಹೊಳೆಯ ದಾರಿಯನ್ನೇ ಕಾದ. ಒಂಬತ್ತನೆಯ ದಿನ ಅವಳು ಎರಡೂ ಕೈ ಎತ್ತಿಕೊಂಡೇ ದಂಡೆ ಹತ್ತಿದಳು.

"ಉಣ್ಣಾಕೂ ಬಿಚ್ಚಿಲ್ರೀ ಅಜ್ಜಾರ. ಸಾರಿನ ವಾಸನಿ ಬಂದ್ರ ಬೈಬ್ಯಾಡ್ರೀ."

ಆಮೇಲೆ ಬಿಚ್ಚಿ ತೋರಿಸಿದಳು. ಅಂಗೈಯ ಸೀಳು ಕೂಡಿಕೊಂಡಿತ್ತು.

ಅಜ್ಜ ಗವಸಿನ ಅಂಚಿನಿಂದ ತಮ್ಮ ಕೆಂಪು ಎಳೆಯನ್ನು ತಾವೇ ಕಿತ್ತರು. ಕರಿ ಎಳೆಯನ್ನು ತಾವೇ ಪೋಣಿಸಿದರು.

"ನನಗ ಆಗದ್ದನ್ನ ಮಾಡ್ಯಾನ. ಇಂವ ನನ್ನ ಶಿಷ್ಯ" ಅಂದರು. ಅಂದ ದನಿಗೆ ಆಚೆ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಮಾಳಿಂಗನ ಎದೆ ಉಬ್ಬಿ ಅಂಗಿಯ ಎರಡು ಗುಂಡಿ ಹಾರಿ ಹೊಳೆಗೆ ಬಿದ್ದವು. ಅವನು ಅಜ್ಜನ ಕಾಲಿಗೆರಗಿ ಎದ್ದ.

"ಅಜ್ಜಾರ, ಈ ಲೆಕ್ಕ ಮಠದ ಗ್ವಾಡಿ ಮ್ಯಾಲ ಬರದಿಡ್ಲೇನ್ರೀ? ಇನ್ನ ಮುಂದ ಯಾರ ಕೈನೂ ಅಳೆಯೋ ತ್ರಾಸ ಇಲ್ಲ."

ಅಜ್ಜ ಒಲೆಯಿಂದ ಆರಿದ ಇದ್ದಿಲು ಆರಿಸಿ ಅವನ ಕೈಗಿಟ್ಟರು.

"ಬರಿ. ಮ್ಯಾಲ ಹುಲಿಗೆವ್ವನ ಕೈ ಅಂತ ಹೆಸರು ಹಾಕು."