ನೆನಪು ಕಟ್ಟುವವನ ಮೌನ

ಎಂಜಿನಿಯರ್ ತಿಪ್ಪೇಶಪ್ಪ ಆಶ್ರಮಕ್ಕೆ ಬಂದಾಗ ಗುರು ಕೇದಾರಯ್ಯನವರು ಹೊಳೆದಂಡೆಯಲ್ಲಿ ಪಂಚೆ ಒಗೆಯುತ್ತಿದ್ದರು.

"ನೌಕರಿ ಬಿಟ್ಟು ಬಂದೆ ಗುರುಗಳೇ. ಇನ್ನು ಇಲ್ಲೇ ಇರುತ್ತೇನೆ. ನನಗೆ ಶಾಂತಿ ಬೇಕು."

ಏನಾಯಿತಪ್ಪ ಎಂದು ಗುರುಗಳು ಕೇಳಿದ್ದೇ ತಡ, ಅವನ ಹೊಟ್ಟೆಯೊಳಗಿನ ಕಿಚ್ಚೆಲ್ಲ ಹೊರಬಂತು.

ಕಂಪ್ಯೂಟರ್ ಎಂಬ ಹೆಸರನ್ನೇ ಹೆಚ್ಚು ಜನ ಕೇಳಿರದ ಕಾಲ ಅದು. ಪ್ರಯೋಗಾಲಯವೊಂದರಲ್ಲಿ ಅಂಥ ಯಂತ್ರಕ್ಕೆ ನೆನಪಿನ ಶಕ್ತಿ ಕೊಡುವ ಕೆಲಸ ಅವನದು. ಸಾಸಿವೆ ಕಾಳಿನಷ್ಟು ಸಣ್ಣ ಅಯಸ್ಕಾಂತದ ಬಳೆಗಳೊಳಗೆ ಕೂದಲೆಳೆಯಂಥ ತಂತಿ ಪೋಣಿಸಿ ಜಾಲರಿ ಮಾಡಬೇಕು. ವಿದ್ಯುತ್ತು ಒಂದು ಕಡೆಗೆ ಹರಿದರೆ ಬಳೆ 'ಹೌದು' ಎಂದು ನೆನಪಿಟ್ಟುಕೊಳ್ಳುತ್ತದೆ, ಇನ್ನೊಂದು ಕಡೆಗೆ ಹರಿದರೆ 'ಇಲ್ಲ' ಎಂದು. ತನ್ನ ಯೌವನವನ್ನೆಲ್ಲ ಅವನು ಆ ಬಳೆಗಳಿಗೇ ಸುರಿದಿದ್ದ.

ಬಿಸಿಯೇರಿದರೆ ಬಳೆಗಳು ಮರೆಯುತ್ತವೆ. ಯಂತ್ರದ ಕೋಣೆ ತಣ್ಣಗಿರಬೇಕೆಂದು ನಿರ್ದೇಶಕರಿಗೆ ಹೇಳಿ ಹೇಳಿ ಅವನ ಬಾಯಿ ಸೋತಿತ್ತು. ಕೊನೆಗೂ ಬಂದ ಏರ್ ಕಂಡಿಷನರನ್ನು ನಿರ್ದೇಶಕರು ತಮ್ಮ ಕೋಣೆಗೇ ಹಾಕಿಸಿಕೊಂಡರು. ಮಂತ್ರಿಗಳು ನೋಡಲು ಬಂದ ದಿನ ಸುಡುಬಿಸಿಲು. ಎಲ್ಲರೆದುರು ಯಂತ್ರ ತಪ್ಪು ಉತ್ತರ ಕೊಟ್ಟಿತು.

"ತಂತಿ ಪೋಣಿಸಿದ ಹೆಂಗಸರ ಕೈ ಸರಿಯಿಲ್ಲ ಅಂದುಬಿಟ್ಟರು ನಿರ್ದೇಶಕರು, ಗುರುಗಳೇ. ಅವರನ್ನೆಲ್ಲ ಕೆಲಸದಿಂದ ತೆಗೆದರು. ವಿನ್ಯಾಸ ಮಾತ್ರ ತಮ್ಮದೇ ಅಂತ ಪತ್ರಿಕೆಯವರಿಗೆ ಹೇಳಿದರು. ನನ್ನ ಹೆಸರನ್ನು ಎಲ್ಲೂ ಎತ್ತಲಿಲ್ಲ."

ಗುರುಗಳ ಕೈ ನಿಂತಿತು. ಆ ಹೆಂಗಸರು ಯಾರು ಎಂದು ವಿಚಾರಿಸಿದರು. ಭೂತಗನ್ನಡಿಯ ಕೆಳಗೆ ಕಣ್ಣು ನೆಟ್ಟು ಕೂರುತ್ತಿದ್ದವರು, ಅವರಿಗೆಲ್ಲ ಕೆಲಸ ಕಲಿಸಿದವಳು ಸಿಸಿಲಿಯಾ ಎಂಬ ವಿಧವೆ ಎಂದು ತಿಪ್ಪೇಶಪ್ಪ ಹೇಳಿದ.

"ಅವರು ಪೋಣಿಸಿದ್ದು ತಪ್ಪಾಗಿತ್ತೇ?"

"ಇಲ್ಲ. ಒಂದೊಂದು ಜಾಲರಿಯನ್ನೂ ನಾನೇ ಪರೀಕ್ಷಿಸಿದ್ದೆ."

"ಅವರ ಮೇಲೆ ತಪ್ಪು ಹೊರಿಸುವಾಗ ಎಲ್ಲಿದ್ದೆ?"

"ಅಲ್ಲೇ ಇದ್ದೆ."

"ಏನಂದೆ?"

ಏನೂ ಅನ್ನಲಿಲ್ಲ, ತನಗಾದ ಅವಮಾನದಲ್ಲಿ ಬೇರೇನೂ ತೋಚಲಿಲ್ಲ ಎಂದ. ಆಮೇಲೆ, ಅಹಂಕಾರ ಬಿಡಬೇಕೆಂದು ತಾವೇ ಕಲಿಸಿದ್ದೀರಿ, ಅದಕ್ಕೇ ಎಲ್ಲವನ್ನೂ ಬಿಟ್ಟು ಬಂದೆ ಎಂದ.

ಗುರುಗಳು ಒದ್ದೆಗೈಯಲ್ಲೇ ಅವನ ಚೀಲ ಎತ್ತಿಕೊಂಡು ಹೋಗಿ ಗೇಟಿನಾಚೆ ಇಟ್ಟರು. ಅವರ ಮುಖ ಹಾಗೆ ಕೆಂಪಗಾದದ್ದನ್ನು ಆಶ್ರಮದವರು ಯಾರೂ ಕಂಡಿರಲಿಲ್ಲ.

"ನಿನ್ನ ಹೇಡಿತನಕ್ಕೆ ನನ್ನ ಮಾತನ್ನು ಹೊದಿಸಬೇಡ," ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಿಪ್ಪೇಶಪ್ಪನಿಗೆ ಗುರುಗಳ ಮೇಲೇ ಸಿಟ್ಟು. ನೋವೆಂದು ಬಂದವನನ್ನು ಹೀಗೆ ಹೊರಗಟ್ಟುವುದೇ? ಆದರೆ ಊರು ಹತ್ತಿರವಾದಂತೆ ಸಿಸಿಲಿಯಾಳ ದನಿ ಕಿವಿಯಲ್ಲಿ ಕೊರೆಯತೊಡಗಿತು. "ಸಾರ್, ನೀವಾದರೂ ಹೇಳಿ" ಎಂದು ಅವಳು ಅವತ್ತು ಕೇಳಿಕೊಂಡಿದ್ದಳು. ಅವನು ಕನ್ನಡಕ ಒರೆಸುತ್ತ ನಿಂತಿದ್ದ.

ಪ್ರಯೋಗಾಲಯದ ಆಡಳಿತ ಮಂಡಳಿಯ ಸಭೆ ನಡೆದ ದಿನ ಅವನು ಕರೆಯದೆಯೇ ಒಳಗೆ ಹೋದ. ಆ ಹೆಂಗಸರು ಪೋಣಿಸಿದ್ದ ಜಾಲರಿಯನ್ನೇ ಮೇಜಿನ ಮೇಲಿಟ್ಟು, ತಣ್ಣಗಿದ್ದಾಗ ಅದು ಸರಿಯಾಗಿ ನೆನಪಿಡುವುದನ್ನು ತೋರಿಸಿದ. ಹೀಟರ್ ಹಚ್ಚಿ, ಬಿಸಿಯಾದಾಗ ಮರೆಯುವುದನ್ನೂ ತೋರಿಸಿದ. ಏರ್ ಕಂಡಿಷನರ್ ಯಾರ ಕೋಣೆಯಲ್ಲಿದೆ ಎಂಬುದನ್ನೂ ಹೇಳಿದ. ನಿರ್ದೇಶಕರು ಮೇಜು ಗುದ್ದಿದರು. ಅವನು ಬಾಯಿ ಮುಚ್ಚಲಿಲ್ಲ.

ಮಂಡಳಿ ಆ ಹೆಂಗಸರನ್ನು ಮತ್ತೆ ಕೆಲಸಕ್ಕೆ ಕರೆಸಿಕೊಂಡಿತು. ಸಿಸಿಲಿಯಾ ಮಾತ್ರ ಬರಲಿಲ್ಲ. ನಿರ್ದೇಶಕರು ಎಲ್ಲರೆದುರು ತಪ್ಪೊಪ್ಪಿಕೊಳ್ಳಲಿ, ಬರುತ್ತೇನೆ ಎಂದಳು. ಅವರು ಒಪ್ಪಿಕೊಳ್ಳಲಿಲ್ಲ. ಕುರ್ಚಿಯನ್ನೂ ಬಿಡಲಿಲ್ಲ. ತಿಪ್ಪೇಶಪ್ಪನಿಗೆ ಅಲ್ಲಿ ಮತ್ತೆ ಜಾಗ ಸಿಗಲಿಲ್ಲ. ಅವನು ದೂರದ ವಿದ್ಯುತ್ ಕೇಂದ್ರವೊಂದಕ್ಕೆ ಸೇರಿಕೊಂಡ.

ಮರುವರ್ಷ ಆಶ್ರಮಕ್ಕೆ ಬಂದಾಗ ಗುರುಗಳು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಊಟ ಬಡಿಸಿದರು. ಅವನು ನಡೆದದ್ದನ್ನೆಲ್ಲ ಹೇಳಿದ.

"ಆ ಮನುಷ್ಯನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಗುರುಗಳೇ. ಈ ಸಿಟ್ಟು ಹೋಗುವ ದಾರಿ ತೋರಿಸಿ."

"ಸಿಸಿಲಿಯಾ ಕೆಲಸಕ್ಕೆ ಬಂದಳೇ?"

"ಇನ್ನೂ ಇಲ್ಲ."

ಗುರುಗಳು ಅವನ ಎಲೆಗೆ ಇನ್ನಷ್ಟು ಅನ್ನ ಬಡಿಸಿದರು.

"ಹಾಗಾದರೆ ಸಿಟ್ಟು ಹೋಗಲಿ ಅಂತ ನಿನಗೇಕೆ ಇಷ್ಟು ಅವಸರ?"