ಪ್ಲಾಸ್ಟಿಕ್ ತೆಗೆಯದ ಸೋಫಾ

ಮಸ್ಕತ್‌ನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ ಸೆವ್ರಿನ್ ಬಾಯಿ ಮನೆಸಾಮಾನೆಲ್ಲ ಹಡಗಿಗೆ ಹಾಕಿಸಿ ಮಂಗಳೂರಿಗೆ ಮರಳಿದರು. ಬಂದರಿನಲ್ಲಿ ಕಸ್ಟಮ್ಸ್ ಸಾಹೇಬರು ಅವರ ಸೋಫಾದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಬಳಸಿದ ಸಾಮಾನಿಗೆ ಸುಂಕವಿಲ್ಲ, ನಿಜ. ಆದರೆ ಇದಕ್ಕೆ ಅಂಗಡಿಯ ಪ್ಲಾಸ್ಟಿಕ್ಕೇ ತೆಗೆದಿಲ್ಲ, ಹೊಚ್ಚ ಹೊಸದು! ಸುಂಕ ಕಟ್ಟಿ, ಇಲ್ಲವೇ ಇಲ್ಲೇ ಬಿಟ್ಟು ಹೋಗಿ."

ಸೆವ್ರಿನ್ ಬಾಯಿ ವಾದಕ್ಕಿಳಿಯಲಿಲ್ಲ. "ನಿಂತು ನಿಂತು ಕಾಲು ನೋಯ್ತದೆ ಸಾರ್. ಸೋಫಾದ ಆ ಮೂಲೆಯಲ್ಲಿ ಕೂತು ಬರೆಯಿರಿ."

ಸಾಹೇಬರು ಠೀವಿಯಿಂದ ಕೂತರು. ಕೂತವರು ಇಳಿಯುತ್ತಲೇ ಹೋದರು. ಮೊಣಕಾಲು ಗಲ್ಲಕ್ಕೆ ಬಂತು. ಎಷ್ಟು ಕೊಸರಾಡಿದರೂ ಏಳಲಾಗಲಿಲ್ಲ. ಕಡೆಗೆ ಹಮಾಲಿಗಳು ಎಳೆದು ನಿಲ್ಲಿಸಿದರು.

"ಅದು ನಮ್ಮ ಯಜಮಾನರು ದಿನಾ ಕೂರುವ ಜಾಗ," ಎಂದರು ಸೆವ್ರಿನ್ ಬಾಯಿ.

ಸಾಹೇಬರು ಸೊಂಟ ಉಜ್ಜಿಕೊಳ್ಳುತ್ತಾ ಹಳೆಯದೆಂದು ಬರೆದುಕೊಟ್ಟರು. "ಇನ್ನಾದರೂ ಆ ಪ್ಲಾಸ್ಟಿಕ್ ತೆಗೀರಮ್ಮ!"

"ಅಯ್ಯೋ, ತೆಗೆದರೆ ಸೋಫಾ ಹಾಳಾಗುವುದಿಲ್ಲವಾ ಸಾರ್?"