ಗುಡ್ಡದ ಮಣ್ಣಿನಲ್ಲಿ ಶಾರ್ಕಿನ ಹಲ್ಲು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಲೋಕ ಅಷ್ಟು ಹೊಸದಾಗಿದ್ದ ಆ ಕಾಲದಲ್ಲಿ, ಕಡಲಿನಿಂದ ಬಹು ದೂರದ ಒಂದು ಗುಡ್ಡದ ಮೇಲೆ ಕುಂಬಾರರ ಕೇರಿಯಿತ್ತು. ಅಲ್ಲಿ ನಿಂಬೆವ್ವ ಎಂಬ ಹೆಂಗಸಿದ್ದಳು. ಅವಳು ಮಾಡಿದ ಕೊಡ ಸೋರಿದ್ದನ್ನು ಕಂಡವರಿಲ್ಲ.

ಆ ಕೇರಿಗೆ ಒಂದು ಕಟ್ಟಳೆಯಿತ್ತು. ಮಣ್ಣಿನಲ್ಲಿ ಯಾವುದಾದರೂ ಪ್ರಾಣಿಯ ಹಲ್ಲು ಸಿಕ್ಕರೆ, ಮಣ್ಣು ತೆಗೆದ ಗುಂಡಿ ಆ ಪ್ರಾಣಿಯ ಮನೆ. ಅದರ ಒಪ್ಪಿಗೆಯಿಲ್ಲದೆ ಮತ್ತೆ ಒಂದು ಹಿಡಿ ಮಣ್ಣನ್ನೂ ತೆಗೆಯುವಂತಿಲ್ಲ. ಮೊದಲ ಮಳೆ ಬೀಳುವುದರೊಳಗೆ ಒಪ್ಪಿಗೆ ಸಿಗದಿದ್ದರೆ ಗುಂಡಿಯನ್ನು ಮುಚ್ಚಲೇಬೇಕು.

ಒಂದು ಬೆಳಗ್ಗೆ ನಿಂಬೆವ್ವ ಮಣ್ಣು ತುಳಿಯುತ್ತಿದ್ದಾಗ ಅಂಗಾಲಿಗೆ ಏನೋ ಚುಚ್ಚಿತು. ಬಗ್ಗಿ ತೆಗೆದಳು. ಮೂರು ಮೂಲೆಯ ಕಪ್ಪು ಕಲ್ಲು. ಹೆಬ್ಬೆರಳಿನಷ್ಟು ಉದ್ದ. ಮೈಯೆಲ್ಲ ನುಣುಪು, ಅಂಚು ಮಾತ್ರ ಗರಗಸ.

"ಕಲ್ಲಲ್ಲ ಇದು, ಹುಲಿಯ ಹಲ್ಲು," ಎಂದ ಕೇರಿಯ ಹಿರಿಯ ಬೊಮ್ಮಣ್ಣ. "ಹುಲಿಯ ಒಪ್ಪಿಗೆ ಕೇಳಲು ಹೋಗುವವರಾರು? ಗುಂಡಿ ಮುಚ್ಚಬೇಕು."

"ಹುಲಿಯ ಬಾಯಿಯೊಳಗೆ ನೋಡಿದ್ದೀಯೇನು, ಮಾವ?"

"ನೋಡಿದ್ದರೆ ಇಲ್ಲಿ ನಿಂತು ನಿನಗೆ ಹೇಳುತ್ತಿದ್ದೆನೇನೇ?"

ಎಲ್ಲರೂ ನಕ್ಕರು. ನಿಂಬೆವ್ವ ನಗಲಿಲ್ಲ. ಸುತ್ತ ಎಲ್ಲಿಯೂ ನೀರು ನಿಲ್ಲಿಸುವಂಥ ಮಣ್ಣು ಬೇರೆ ಇರಲಿಲ್ಲ. ಗುಂಡಿ ಮುಚ್ಚಿದರೆ ಕೇರಿಯೇ ಎದ್ದು ಹೋಗಬೇಕು. ಅವಳ ಬಸುರಿ ಮಗಳಿಗೆ ದಿನ ತುಂಬಿತ್ತು. ಅಂಗಳ ದಾಟುವುದೇ ಕಷ್ಟ, ಊರು ಬಿಟ್ಟು ಎಲ್ಲಿಗೆ ನಡೆದಾಳು?

"ಯಾರ ಹಲ್ಲೆಂದು ಸರಿಯಾಗಿ ತಿಳಿಯಲಿ. ಆಮೇಲೆ ಮುಚ್ಚುವ ಮಾತು," ಎಂದಳು ನಿಂಬೆವ್ವ.

ಅವಳು ಹಸಿ ಮಣ್ಣಿನ ಒಂದು ಬಿಲ್ಲೆ ತಟ್ಟಿ, ಅದರ ಮೇಲೆ ಹಲ್ಲನ್ನು ಒತ್ತಿದಳು. ಗುರುತು ಚೊಕ್ಕವಾಗಿ ಮೂಡಿತು. ಉದ್ದನೆಯ ಸೀಳು, ಸೀಳಿನ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು.

ಬಿಲ್ಲೆಯನ್ನು ಹುಲಿಯ ಬಳಿಗೆ ಒಯ್ದಳು. "ಈ ಗುರುತಿನ ಪಕ್ಕದಲ್ಲಿ ಒಮ್ಮೆ ಕಚ್ಚಪ್ಪ."

ಹುಲಿ ಕಚ್ಚಿತು. ದುಂಡನೆಯ ತೂತು ಬಿತ್ತು. "ಥೂ, ಬರೀ ಮಣ್ಣು! ನನ್ನದು ಚುಚ್ಚುವ ಹಲ್ಲಮ್ಮ. ಇದು ಕೊಯ್ಯುವ ಹಲ್ಲು."

ಹೊಳೆದಂಡೆಯ ಮೊಸಳೆಯ ಬಳಿಗೆ ಒಯ್ದಳು. ಮೊಸಳೆ ಕಚ್ಚಿತು. ಮತ್ತೆ ದುಂಡನೆಯ ತೂತು. "ನನ್ನದೂ ಅಲ್ಲ," ಎಂದು ಅದು ಕಣ್ಣು ಮುಚ್ಚಿಕೊಂಡಿತು.

ಆಗ ಹೊಳೆ ಮಾತಾಡಿತು. "ಈ ಗುರುತನ್ನು ನಾನು ಬಲ್ಲೆ, ನಿಂಬೆವ್ವ. ನಾನು ಕಡಲು ಸೇರುವ ಕಡೆ, ತೇಲುವ ದಿಮ್ಮಿಗಳ ಮೇಲೆ ಕಂಡಿದ್ದೇನೆ. ಅದು ಶಾರ್ಕ್ ಮೀನಿನದು."

"ಮೀನಿನದೇ? ಗುಡ್ಡದ ಮೇಲೆಯೇ? ಬಾಯಿಗೆ ಬಂದದ್ದು ಹೇಳಬೇಡ."

"ನಿನ್ನ ಗುಂಡಿಯ ಗೋಡೆಯನ್ನು ಒಮ್ಮೆ ನೋಡಿ ಬಾ. ಆಮೇಲೆ ಬೈಯುವೆಯಂತೆ."

ನಿಂಬೆವ್ವ ಹೋಗಿ ನೋಡಿದಳು. ಗೋಡೆಯ ತುಂಬ ಬಿಳಿಯ ಚೂರುಗಳು. ಆವಿಗೆಯ ಬೆಂಕಿಯಲ್ಲಿ ಕೊಡಗಳನ್ನು ಸಿಡಿಸುತ್ತವೆಂದು ಇಷ್ಟು ವರ್ಷ ಆರಿಸಿ ಆರಿಸಿ ಬಿಸಾಡಿದ ಚೂರುಗಳು. ಒಂದನ್ನಾದರೂ ತಿರುಗಿಸಿ ನೋಡಿರಲಿಲ್ಲ. ಈಗ ನೋಡಿದಳು. ಅವು ಕಡಲಿನ ಚಿಪ್ಪುಗಳು.

ಅವಳು ಗಾಳಿಯನ್ನು ಕರೆದಳು. "ಕಡಲಿಗೆ ಹೋಗು. ಶಾರ್ಕನ್ನು ಕಂಡು ಒಪ್ಪಿಗೆ ಕೇಳಿಕೊಂಡು ಬಾ. ಬೇಗ!"

ಗಾಳಿ ಹೋಯಿತು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮೂರನೆಯ ದಿನ ಗಾಳಿ ತಿರುಗಿ ಬಂತು. ಬರುವಾಗ ಬೆನ್ನ ಮೇಲೆ ಮಳೆಮೋಡಗಳನ್ನೂ ಹೊತ್ತು ತಂದಿತು. ಬೊಮ್ಮಣ್ಣ ಗುದ್ದಲಿ ಹಿಡಿದು ಗುಂಡಿಯ ಬಾಯಲ್ಲಿ ನಿಂತ.

"ಬೇಗ ಹೇಳು!" ಎಂದಳು ನಿಂಬೆವ್ವ.

ಗಾಳಿ ಹೇಳಿತು: "ಶಾರ್ಕ್ ಅಂದದ್ದು ಇಷ್ಟು. 'ಆ ಗುಡ್ಡ ಹಿಂದೆ ಕಡಲಿನ ತಳವಾಗಿತ್ತು. ನನ್ನ ಮನೆಯಾಗಿತ್ತು. ಬಿಸಿಲು ನೋಡಬೇಕೆಂದು ನೆಲ ಮೇಲೆದ್ದಿತು, ಕಡಲು ಹಿಂದೆ ಸರಿಯಿತು. ನಾನು ಮಾತ್ರ ಬರಲಾರೆನೆಂದು ನೆಲವನ್ನು ಕಚ್ಚಿ ಹಿಡಿದೆ. ಕಡಲು ಎಳೆದುಕೊಂಡೇ ಹೋಯಿತು. ನನ್ನ ಹಲ್ಲುಗಳು ಅಲ್ಲೇ ಉಳಿದವು. ಬೋಳು ಬಾಯಲ್ಲಿ ಅಳುತ್ತಿದ್ದ ನನ್ನನ್ನು ಕಂಡು ಕಡಲು ಮರುಗಿತು. ಒಂದು ಹಲ್ಲು ಬಿದ್ದರೆ ಅದರ ಹಿಂದೆಯೇ ಇನ್ನೊಂದು ಬರಲಿ ಎಂದಿತು.'"

"ಅದೆಲ್ಲ ಸರಿ, ಒಪ್ಪಿಗೆ?" ಎಂದ ಬೊಮ್ಮಣ್ಣ, ಆಕಾಶ ನೋಡುತ್ತ.

"ಒಪ್ಪಿಗೆ ಕೊಟ್ಟಿತು. 'ಮಣ್ಣು ತೆಗೆಯಲಿ, ಬಾಳಲಿ. ಹಲ್ಲು ಸಿಕ್ಕರೆ ಮಾತ್ರ ಬೆಂಕಿಗೆ ಹಾಕದೆ ನೆಲಕ್ಕೇ ಬಿಡಲಿ. ನಾನು ಅಲ್ಲಿದ್ದೆನೆಂದು ಹೇಳಲು ನನಗೆ ಬೇರೆ ಯಾರಿದ್ದಾರೆ?' ಎಂದಿತು."

ಮನೆ ಬಿಡಲಾರದವರ ಸಂಕಟ ನಿಂಬೆವ್ವನಿಗೆ ಈ ಮೂರು ದಿನಗಳಲ್ಲಿ ಚೆನ್ನಾಗಿ ತಿಳಿದಿತ್ತು. ಅವಳು ಗುಂಡಿಗಿಳಿದು, ಹಲ್ಲನ್ನು ತೊಳೆದು, ಚಿಪ್ಪುಗಳ ನಡುವೆ ಗೋಡೆಗೆ ಒತ್ತಿ ಇಟ್ಟಳು. ಮೊದಲ ಹನಿ ಬಿತ್ತು.

ಬೊಮ್ಮಣ್ಣ ಗುದ್ದಲಿ ಕೆಳಗಿಟ್ಟ. "ಹಲ್ಲು ಅಂತ ಮೊದಲು ಹೇಳಿದವನು ನಾನೇ," ಎಂದ.

"ಹೌದು ಮಾವ, ನೀನೇ," ಎಂದು ನಿಂಬೆವ್ವ ಮಗಳಿದ್ದ ಮನೆಯ ಕಡೆ ನಡೆದಳು.

ಅಂದಿನಿಂದ ಶಾರ್ಕ್ ಹಲ್ಲು ಉದುರಿಸುತ್ತಲೇ ಇದೆ, ಹೊಸ ಹಲ್ಲು ಬರುತ್ತಲೇ ಇದೆ; ನೆಲವೂ ಹಳೆಯ ಹಲ್ಲುಗಳನ್ನು ಕಾಪಾಡಿಕೊಂಡೇ ಇದೆ, ಆದ್ದರಿಂದಲೇ ಕಡಲನ್ನು ಕಾಣದ ಊರುಗಳಲ್ಲಿಯೂ ಮಳೆ ನಿಂತ ಮೇಲೆ ಕೊರಕಲಿನ ಮಣ್ಣಿನಲ್ಲಿ ಗರಗಸದಂಚಿನ ಮೂರು ಮೂಲೆಯ ಕಪ್ಪು ಕಲ್ಲೊಂದು ಒಮ್ಮೊಮ್ಮೆ ಮಕ್ಕಳ ಕೈಗೆ ಸಿಗುತ್ತದೆ.